ಹದಿನಾರು ಪುಟ

ಪರೀಕ್ಷೆಗೆ ಬರುವುದು ಎರಡೇ ಪ್ರಶ್ನೆ:
ನೀಲಪ್ಪನ ಪಾತ್ರವನ್ನು ಚಿತ್ರಿಸಿರಿ,
ಕಾದಂಬರಿಯ ನೀತಿಯನ್ನು ವಿವರಿಸಿರಿ.
ಗುಳೇದಗುಡ್ಡದ ಸರಕಾರಿ ಕಾಲೇಜಿನ ಹಿಂದಿನ ಕೋಣೆಯಲ್ಲಿ
ಹತ್ತೊಂಬತ್ತು ವರ್ಷ ಇದನ್ನೇ ಕಲಿಸಿದ್ದೇನೆ.
ಹಲಗೆಯ ನಟ್ಟನಡುವೆ ಗೆರೆ ಎಳೆದು
ಎಡಕ್ಕೆ ಗುಣ, ಬಲಕ್ಕೆ ದೋಷ.

ಕಥೆ ದೊಡ್ಡದಲ್ಲ.
ಹನ್ನೆರಡರ ಹುಡುಗ ಮಾಸ್ತರರ ಗಡಿಯಾರ ಕದ್ದು
ಹೆದರಿ, ಬಾವಿಗೆ ಎಸೆಯುತ್ತಾನೆ.
ಬೆತ್ತ ಬೀಳುವುದು ಗೆಳೆಯ ಪರಸ್ಯಾನ ಬೆನ್ನಿಗೆ.
ಪರಸ್ಯಾ ಶಾಲೆ ಬಿಟ್ಟು ದನ ಕಾಯುತ್ತಾನೆ,
ನೀಲಪ್ಪ ಬೆಳೆಯುತ್ತಾನೆ: ಮೀಸೆ, ನೌಕರಿ, ಕೋಟು.
ಕೊನೆಯ ಅಧ್ಯಾಯದಲ್ಲಿ ಊರಿಗೆ ಮರಳಿ
ಕಟ್ಟೆಯ ಮೇಲೆ ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ.
ಅಲ್ಲಿಗೆ ಬಂದಾಗ ನನ್ನ ದನಿ ತುಸು ನಡುಗುತ್ತದೆ,
ಪ್ರತಿವರ್ಷ, ಅದೇ ಸಾಲಿಗೆ.

ಆ ವರ್ಷ ಕಸ್ತೂರಿ ಹಳಪೇಟಿ. ಮೂರನೇ ಬೆಂಚು.
ನಸುಕಿಗೇ ಕಂಡಿಕೆ ಸುತ್ತಿ, ಗುಣಿಮಗ್ಗದಿಂದ ಎದ್ದು
ಬೆರಳ ತುದಿಯ ಕೆಂಪು ಬಣ್ಣದೊಂದಿಗೇ ತಡವಾಗಿ ಬರುವವಳು.
ಕೊನೆಯ ಅಧ್ಯಾಯ ಕಲಿಸಿದ ವಾರ
ಮನೆಯಲ್ಲಿ ಖಣದ ಆರ್ಡರು, ಅವಳು ಬಂದಿರಲಿಲ್ಲ.
ಕಿರುಪರೀಕ್ಷೆಯಲ್ಲಿ ಬರೆದಳು:

"ನೀಲಪ್ಪ ಹೇಳೂದಿಲ್ಲ. ಹೇಳಬೇಕಂತ ಊರತನಕಾ ಬರತಾನ,
ಪರಸ್ಯಾನ ಮನಿ ಬಾಗಲಾ ಕಾಣತೈತಿ.
ಕುಡಿಯಾಕ ನೀರು ಕೇಳಿ, ಕುಡದು, ಹೊಳ್ಳಿ ಹೋಗತಾನ.
ಅವ ಕೆಟ್ಟಾವಲ್ಲ. ಹೇಳಿದರ
ಇಷ್ಟು ವರ್ಷ ತಾನು ಯಾರಾಗಿದ್ದೆ ಅನ್ನೂದು ಕಳೀತೈತಿ.
ಪರಸ್ಯಾಗ ಎಲ್ಲಾ ಗೊತ್ತೈತಿ.
ಅದಕ್ಕ ತುಂಬಿದ ತಂಬಿಗಿ ಕೊಡತಾನ.
ಇದರ ನೀತಿ: ನೀತಿ ಗೊತ್ತಿದ್ದವರೂ ಹಿಂಗ ಮಾಡತಾರ."

ಕೆಂಪು ಶಾಯಿ. ಸೊನ್ನೆ.
ಪಕ್ಕಕ್ಕೆ: ಪುಸ್ತಕ ಓದಿಲ್ಲ. ಭಾಷೆ ಅಶುದ್ಧ.
ತರಗತಿಗೆ ಓದಿ ತೋರಿಸಿದೆ. ನಕ್ಕರು. ನಾನೂ ನಕ್ಕೆ.
ಅವಳು ಎದ್ದು "ಓದೇನ್ರಿ ಸರ್" ಅಂದಳು, ಒಂದೇ ಸಲ.
ಕೂತಳು.

ಬೇಸಿಗೆಯಲ್ಲಿ ಗ್ರಂಥಾಲಯದ ಲೆಕ್ಕ.
ಗೆದ್ದಲಿನ ಕಪಾಟಿನಿಂದ ಆ ಪ್ರತಿ ಕೈಗೆ ಬಂತು.
ಚೀಟಿಯಲ್ಲಿ ಕೊನೆಯ ಹೆಸರು ಅವಳದೇ,
ಹೇಳಿದ ತಾರೀಖಿಗೇ ಮರಳಿಸಿದ್ದಳು.
ಪುಟ ನೂರ ಎಪ್ಪತ್ತಾರು, ಆಮೇಲೆ ರಟ್ಟು.
ಬೈಂಡಿನವ ಒಂದು ಫಾರಂ ಹೊಲಿಯಲು ಮರೆತಿದ್ದ.
ನೀಲಪ್ಪ ಬಸ್ಸಿಳಿದು, ಓಣಿಯ ಬಾಯಿಗೆ ನಿಂತು,
ಬಾಗಿಲನ್ನು ನೋಡುತ್ತ,
ಆ ಅಲ್ಪವಿರಾಮಕ್ಕೇ ಪುಸ್ತಕ ಮುಗಿದಿತ್ತು.
ಉಳಿದದ್ದನ್ನು ಹದಿನೇಳರ ಹುಡುಗಿ
ತಾನೇ ನೇಯ್ದುಕೊಂಡಿದ್ದಳು.

ವಹಿಯಲ್ಲಿ ಬರೆದೆ: ಪ್ರತಿ ದೋಷಪೂರಿತ, ವಿಲೇವಾರಿ ಮಾಡುವುದು.
ಸಹಿ, ಶಿಕ್ಕಾ.
ಅಂಕ ತಿದ್ದಲು ಒಂದು ಅರ್ಜಿ ಸಾಕಿತ್ತು.
ಪ್ರಾಚಾರ್ಯರು ರಜೆಯಲ್ಲಿದ್ದರು, ಆಮೇಲೆ ಮದುವೆಯ ಸುಗ್ಗಿ,
ಆಮೇಲೆ ಅವಳು ಹೇಗೂ ಪಾಸಾಗಿದ್ದಳಂತೆ.

ಹಳಪೇಟಿಯವರ ಮನೆ ಕಾಲೇಜಿನಿಂದ ಆರು ನಿಮಿಷ.
ನಾಲ್ಕು ವರ್ಷ ಬಿಟ್ಟು ಹೋದೆ.
ಹೆಂಡತಿಗೆ ಖಣ ಬೇಕೆಂಬುದು ನೆವ.
ಲಾಳಿಯ ಸದ್ದು ನಿಂತಿತು.
ಸೊಂಟದವರೆಗೆ ನೆಲದೊಳಗಿದ್ದವಳು
ಎದ್ದು ಮೇಲೆ ಬಂದಳು, ನನಗಿಂತ ಎತ್ತರ.
"ಬರ್ರಿ ಸರ್. ಏನ ಬೇಕಾಗಿತ್ರಿ?"

ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯ
ಗ್ರಂಥಭಾಷೆಯಲ್ಲಿತ್ತು. ಬಾಯಿಗೆ ಬರಲಿಲ್ಲ.
ನಾಲಿಗೆ ಒಣಗಿತ್ತು. ನೀರು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು,
ತುಸು ಹೆಚ್ಚೇ ಹೊತ್ತು.
ಒಳಗೆ ಹೋದಳು.
ತಂದ ತಂಬಿಗೆ ಕಂಠದವರೆಗೆ ತುಂಬಿತ್ತು,
ಹನಿ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

ಕುಡಿದೆ.
ಎರಡು ಖಣ ಕೊಂಡೆ.
ಹತ್ತು ರೂಪಾಯಿಗೆ ಚೌಕಾಸಿಯನ್ನೂ ಮಾಡಿದೆ.